ಕ್ಲೌಡ್ ಸರ್ವರ್‌ಗಳ ಸನ್ನದ್ಧತೆ: ಪರೀಕ್ಷಿಸಿ ಹೊರೆ ಹೊರಿಸುವುದೇ ಲೇಸು

ವ್ಯಾಪಾರಿ ಸಂಸ್ಥೆಯೊಂದರ ಕಿರ್ದಿ-ಖಾತೆ, ದಾಸ್ತಾನು ವಿವರ, ಮಾರಾಟದ ಬಿಲ್ಲು, ನೌಕರರ ವೇತನ ಪಟ್ಟಿ ಇವೆಲ್ಲವೂ ಒಂದು ಕಾಲಕ್ಕೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೇ ಇರುತ್ತಿದ್ದವು. ಲೆಕ್ಕಪತ್ರಗಳು ಗಣಕಯಂತ್ರಕ್ಕೆ ಏರಿದ ಮೇಲೆಯೂ ಆ ಯಂತ್ರ ಕಚೇರಿಯ ಮೂಲೆಯಲ್ಲಿ ಕಣ್ಣಿಗೆ ಕಾಣುವಂತೆಯೇ ಇತ್ತು. ಕೆಟ್ಟರೆ ಕೆಟ್ಟಿತೆಂದು ಕೂಡಲೇ ಗೊತ್ತಾಗುತ್ತಿತ್ತು. ಇಂದು ಸ್ಥಿತಿ ಬದಲಾಗಿದೆ. ಸಣ್ಣ ಕೈಗಾರಿಕೆಗಳೂ ಸಗಟು ಮತ್ತು ಚಿಲ್ಲರೆ ವರ್ತಕರೂ ತಮ್ಮ ತಂತ್ರಾಂಶಗಳನ್ನು ಬಾಡಿಗೆಯ ಕ್ಲೌಡ್ ಸರ್ವರ್‌ಗಳಿಗೆ ಸಾಗಿಸುತ್ತಿದ್ದಾರೆ. ಬಂಡವಾಳ ಹೂಡಿ ಯಂತ್ರ ಕೊಳ್ಳಬೇಕಿಲ್ಲ, ಅದಕ್ಕೊಂದು ಹವಾನಿಯಂತ್ರಿತ ಕೊಠಡಿ ಬೇಕಿಲ್ಲ, ಬಳಸಿದಷ್ಟಕ್ಕೆ ಬಾಡಿಗೆ ಕೊಟ್ಟರಾಯಿತು ಎಂಬ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ.

ಆದರೆ ಈ ವರ್ಗಾವಣೆಯ ಸಂದರ್ಭದಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಅನೇಕ ಉದ್ಯಮಿಗಳು ಕೇಳುತ್ತಿಲ್ಲ. "ಸರ್ವರ್ ರೆಡಿ ಇದೆ ಸಾರ್, ನಾಳೆಯಿಂದಲೇ ಬಿಲ್ ಹಾಕಬಹುದು" ಎಂದು ತಂತ್ರಾಂಶ ಒದಗಿಸುವವರು ದೂರವಾಣಿಯಲ್ಲಿ ಹೇಳಿದರೆ ಮಾಲೀಕರು ಒಪ್ಪಿಬಿಡುತ್ತಾರೆ. ಯಾವ ಪರೀಕ್ಷೆಯ ಆಧಾರದ ಮೇಲೆ ಅದು ಸಿದ್ಧವೆಂದು ತೀರ್ಮಾನವಾಯಿತು, ಆ ಪರೀಕ್ಷೆ ಏನನ್ನು ನೋಡಿತು, ಏನನ್ನು ನೋಡದೆ ಬಿಟ್ಟಿತು ಎಂಬ ವಿಚಾರಣೆ ನಡೆಯುವುದಿಲ್ಲ. ಸರ್ವರ್ ಚಾಲೂ ಇರುವುದು ಬೇರೆ, ವ್ಯಾಪಾರದ ಹೊರೆ ಹೊರಲು ಸನ್ನದ್ಧವಾಗಿರುವುದು ಬೇರೆ. ಇವೆರಡರ ನಡುವಿನ ಅಂತರವನ್ನು ಅಳೆದು ನೋಡುವ ಹೊಣೆಯನ್ನು ಬಾಡಿಗೆದಾರರೇ ವಹಿಸಿಕೊಳ್ಳದಿದ್ದರೆ, ಅದರಿಂದಾಗುವ ನಷ್ಟವೂ ಅವರ ತಲೆಯ ಮೇಲೆಯೇ ಬೀಳುತ್ತದೆ.

ಚಾಲನೆಯೂ ಸನ್ನದ್ಧತೆಯೂ

ಈ ವ್ಯತ್ಯಾಸ ವರ್ತಕರಿಗೂ ತಯಾರಕರಿಗೂ ಹೊಸದೇನಲ್ಲ. ಡೀಸೆಲ್ ಜನರೇಟರ್ ಕೊಂಡವರು ಅದು ಗುಡುಗುಡು ಸದ್ದು ಮಾಡಿದ ಮಾತ್ರಕ್ಕೆ ಪೂರ್ತಿ ಹಣ ಕೊಡುವುದಿಲ್ಲ. ಹೊರೆಯಿಲ್ಲದೆ ಓಡುವ ಜನರೇಟರ್ ಕಾರ್ಖಾನೆಯ ಎಲ್ಲ ಮೋಟಾರುಗಳೂ ಒಮ್ಮೆಗೇ ಶುರುವಾದಾಗ ಉಸಿರು ಬಿಡಬಹುದು ಎಂಬುದು ಅವರಿಗೆ ಗೊತ್ತು. ಆದ್ದರಿಂದ ಹೊರೆ ಹಾಕಿಯೇ ನೋಡುತ್ತಾರೆ. ಪೀಣ್ಯದ ಯಂತ್ರ ಕಾರ್ಯಾಗಾರವಾಗಲಿ, ಬೆಳಗಾವಿಯ ಫೌಂಡ್ರಿಯಾಗಲಿ, ಹೊಸ ಕೆಲಸ ಕೂಡಿಸಿದಾಗ ಮೊದಲ ಪೀಸನ್ನು ಅಳತೆ ಮಾಡದೆ ಮುಂದಿನ ಸಾವಿರ ಪೀಸುಗಳಿಗೆ ಕೈಹಾಕುವುದಿಲ್ಲ. ಅಂಗಡಿಯ ವಿದ್ಯುನ್ಮಾನ ತಕ್ಕಡಿಯ ಪರದೆಯ ಮೇಲೆ ಅಂಕಿ ಬೆಳಗಿದರೆ ತೂಕ ಸರಿಯಿದೆ ಎಂದು ಯಾರೂ ಭಾವಿಸುವುದಿಲ್ಲ. ಗೊತ್ತಿರುವ ತೂಕವನ್ನಿಟ್ಟು ಪರೀಕ್ಷಿಸಿ ಮುದ್ರೆ ಹಾಕಿದ ಮೇಲೆಯೇ ಅದು ವ್ಯಾಪಾರಕ್ಕೆ ಯೋಗ್ಯ.

ಇಷ್ಟೆಲ್ಲ ಎಚ್ಚರಿಕೆ ವಹಿಸುವ ಉದ್ಯಮಿ, ಕಣ್ಣಿಗೆ ಕಾಣದ ಸರ್ವರ್‌ನ ವಿಷಯದಲ್ಲಿ ಮಾತ್ರ ಹಸಿರು ದೀಪವೊಂದನ್ನು ನಂಬಿ ಕುಳಿತುಕೊಳ್ಳುವುದು ವಿಚಿತ್ರ. ಆ ಹಸಿರು ದೀಪ ಏನನ್ನು ಹೇಳುತ್ತದೆ ಎಂಬುದನ್ನು ತಿಳಿಯಲು ತಂತ್ರಜ್ಞರಾಗಬೇಕಿಲ್ಲ.

ಪರೀಕ್ಷೆಯ ಮೆಟ್ಟಿಲುಗಳು

ಕ್ಲೌಡ್ ಸರ್ವರ್‌ಗಳ ತಪಾಸಣೆ ಮೆಟ್ಟಿಲು ಮೆಟ್ಟಿಲಾಗಿ ನಡೆಯುತ್ತದೆ. ಮೊದಲ ಮೆಟ್ಟಿಲು ಯಂತ್ರದ್ದು. ಉದಾಹರಣೆಗೆ, ಅಮೆಜಾನ್ ಸಂಸ್ಥೆ 2006ರಲ್ಲಿ ಆರಂಭಿಸಿದ ಇ.ಸಿ.2 ಎಂಬ ಬಾಡಿಗೆ ಸರ್ವರ್ ಸೇವೆಯಲ್ಲಿ ಪ್ರತಿ ನಿಮಿಷಕ್ಕೊಮ್ಮೆ ತಪಾಸಣೆ ನಡೆಯುತ್ತದೆ. ಸರ್ವರ್ ನಿಂತಿರುವ ಮೂಲ ಯಂತ್ರಕ್ಕೆ ವಿದ್ಯುತ್ತು ಮತ್ತು ಜಾಲ ಸಂಪರ್ಕ ಸರಿಯಿದೆಯೇ ಎಂಬುದು ಒಂದು. ಬಾಡಿಗೆಗೆ ಕೊಟ್ಟ ಸರ್ವರ್‌ನ ಕಾರ್ಯಾಚರಣ ವ್ಯವಸ್ಥೆ ಎಚ್ಚೆತ್ತು ಜಾಲದಲ್ಲಿ ಓಗೊಡುತ್ತಿದೆಯೇ ಎಂಬುದು ಇನ್ನೊಂದು. 2023ರಲ್ಲಿ, ಜೋಡಿಸಿದ ಡಿಸ್ಕ್‌ಗಳಿಗೆ ದತ್ತಾಂಶ ಬರೆಯಲು ಮತ್ತು ಓದಲು ಸಾಧ್ಯವೇ ಎಂಬ ಮೂರನೆಯ ತಪಾಸಣೆಯೂ ಸೇರಿತು. ಈ ಮೂರರಲ್ಲಿಯೂ ತೇರ್ಗಡೆಯಾದರೆ ದೀಪ ಹಸಿರಾಗುತ್ತದೆ. ಆದರೆ ಅದರ ಮೇಲೆ ಕುಳಿತಿರುವ ಬಿಲ್ಲಿಂಗ್ ತಂತ್ರಾಂಶದ ಯೋಗಕ್ಷೇಮವನ್ನು ಈ ಯಾವ ತಪಾಸಣೆಯೂ ವಿಚಾರಿಸಿರುವುದಿಲ್ಲ. ಬಾಡಿಗೆ ಗೋದಾಮಿನ ಬಾಗಿಲು ತೆರೆದಿದೆ, ದೀಪ ಉರಿಯುತ್ತಿದೆ ಎಂದಷ್ಟೇ ಇದರ ಅರ್ಥ. ಒಳಗೆ ಕೆಲಸಗಾರರು ಬಂದಿದ್ದಾರೆಯೇ ಎಂಬುದು ಬೇರೆ ಪ್ರಶ್ನೆ.

ಎರಡನೆಯ ಮೆಟ್ಟಿಲು, ಕೆಲಸ ಹಂಚುವವನದು. ಒಂದಕ್ಕಿಂತ ಹೆಚ್ಚು ಸರ್ವರ್‌ಗಳಿರುವಲ್ಲಿ ಲೋಡ್ ಬ್ಯಾಲೆನ್ಸರ್ ಎಂಬ ವ್ಯವಸ್ಥೆ ಬಂದ ಕೆಲಸವನ್ನು ಅವುಗಳ ನಡುವೆ ಹಂಚುತ್ತದೆ. ಮಾರುಕಟ್ಟೆಯ ಪ್ರಾಂಗಣದಲ್ಲಿ ಲಾರಿ ಬಂದಾಗ ಯಾವ ಹಮಾಲರ ತಂಡ ಬಿಡುವಾಗಿದೆ ಎಂದು ನೋಡಿ ಮೂಟೆ ಇಳಿಸಲು ಕಳುಹಿಸುವ ಮೇಸ್ತ್ರಿಯಂತೆ ಇದರ ಕೆಲಸ. ಅಮೆಜಾನ್‌ನ ಇಂತಹ ಒಂದು ಸೇವೆಯಲ್ಲಿ, ಬಳಕೆದಾರರು ಬೇರೆ ಹೇಳದಿದ್ದರೆ, ಪ್ರತಿ 30 ಸೆಕೆಂಡುಗಳಿಗೊಮ್ಮೆ ಸರ್ವರ್ ಅನ್ನು ಮಾತನಾಡಿಸಿ ನೋಡಲಾಗುತ್ತದೆ. ಸತತವಾಗಿ 2 ಬಾರಿ ಉತ್ತರ ಬಾರದಿದ್ದರೆ ಆ ಸರ್ವರ್‌ಗೆ ಕೆಲಸ ಕೊಡುವುದು ನಿಲ್ಲುತ್ತದೆ; ಹಾಗೆ ಹೊರಬಿದ್ದ ಸರ್ವರ್ ಮರಳಿ ಸಾಲಿಗೆ ಸೇರಲು ಸತತ 5 ಬಾರಿ ತೇರ್ಗಡೆಯಾಗಬೇಕು. ಆದರೆ ಹೊಸದಾಗಿ ಸೇರಿದ ಸರ್ವರ್‌ಗೆ ಒಂದೇ ಒಂದು ತೇರ್ಗಡೆ ಸಾಕು. ಕೆಲಸಕ್ಕೆ ಅಂದೇ ಬಂದವನಿಗೆ ಒಂದು ಪ್ರಶ್ನೆ, ಬಿಟ್ಟು ಹೋಗಿ ಬಂದವನಿಗೆ ಐದು ಪ್ರಶ್ನೆ ಎಂಬ ಈ ಪದ್ಧತಿಯನ್ನು ಉದ್ಯಮಿಗಳು ಗಮನದಲ್ಲಿಡಬೇಕು. ಹೊಸ ಸರ್ವರ್‌ಗೆ ಮೊದಲು ಕಡಿಮೆ ಹೊರೆ ಕೊಟ್ಟು, 30ರಿಂದ 900 ಸೆಕೆಂಡುಗಳ ಅವಧಿಯಲ್ಲಿ ಕ್ರಮೇಣ ಏರಿಸುವ ಅನುಕೂಲವೂ ಅಲ್ಲಿಯೇ ಇದೆ. ಕೇಳಿದವರಿಗೆ ಮಾತ್ರ ಅದು ದೊರೆಯುತ್ತದೆ.

ಈ ಮಾತನಾಡಿಸುವಿಕೆಯಲ್ಲಿ ಕೇಳುವ ಪ್ರಶ್ನೆ ಯಾವುದು ಎಂಬುದೇ ಮುಖ್ಯ ಸಂಗತಿ. ಯಾರೂ ತಲೆಕೆಡಿಸಿಕೊಳ್ಳದಿದ್ದರೆ ತಂತ್ರಾಂಶದ ಮುಖಪುಟ ತೆರೆಯುತ್ತದೆಯೇ ಎಂದಷ್ಟೇ ಕೇಳಲಾಗುತ್ತದೆ. ಹಿಂದಿರುವ ದತ್ತಾಂಶ ಕೋಶ ಸತ್ತು ಬಿದ್ದಿದ್ದರೂ ಮುಖಪುಟ ನಗುಮುಖದಿಂದ ತೆರೆದುಕೊಳ್ಳಬಲ್ಲದು.

ಮೂರನೆಯ ಮೆಟ್ಟಿಲಿನಲ್ಲಿ ಈ ದೋಷವನ್ನು ನೀಗಿಸುವ ಪ್ರಯತ್ನವಿದೆ. ಗೂಗಲ್ ಸಂಸ್ಥೆ 2014ರಲ್ಲಿ ಎಲ್ಲರ ಬಳಕೆಗೆ ಮುಕ್ತಗೊಳಿಸಿದ ಕ್ಯೂಬರ್ನೆಟಿಸ್ ಎಂಬ ವ್ಯವಸ್ಥೆಯಲ್ಲಿ "ಜೀವ ಇದೆಯೇ" ಎಂಬ ಪ್ರಶ್ನೆಯನ್ನೂ "ಕೆಲಸಕ್ಕೆ ಸಿದ್ಧವೇ" ಎಂಬ ಪ್ರಶ್ನೆಯನ್ನೂ ಪ್ರತ್ಯೇಕವಾಗಿ ಕೇಳಲಾಗುತ್ತದೆ. ಮೊದಲನೆಯದಕ್ಕೆ ಉತ್ತರ ಬಾರದಿದ್ದರೆ ತಂತ್ರಾಂಶವನ್ನು ಮತ್ತೆ ಶುರು ಮಾಡಲಾಗುತ್ತದೆ. ಎರಡನೆಯದಕ್ಕೆ ಬಾರದಿದ್ದರೆ ಅದನ್ನು ಅದರಷ್ಟಕ್ಕೆ ಬಿಟ್ಟು, ಸಿದ್ಧವಾಗುವ ತನಕ ಗ್ರಾಹಕರ ಕೆಲಸವನ್ನು ಬೇರೆಡೆಗೆ ತಿರುಗಿಸಲಾಗುತ್ತದೆ. ಜಗತ್ತಿನ ದೊಡ್ಡ ತಂತ್ರಾಂಶ ಸಂಸ್ಥೆಗಳೇ ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕಾಣುತ್ತಿರುವಾಗ, ಸಣ್ಣ ಉದ್ಯಮಿ ಅವೆರಡನ್ನೂ ಒಂದೇ ಎಂದು ತಿಳಿಯುವುದು ಸರಿಯಲ್ಲ.

ಕೊನೆಯ ಮೆಟ್ಟಿಲು ವ್ಯಾಪಾರದ್ದು. ಒಂದು ಬಿಲ್ಲು ಹಾಕಿದರೆ ದಾಸ್ತಾನು ಇಳಿಯಿತೇ, ತೆರಿಗೆ ಸರಿಯಾಗಿ ಬಂತೇ, ಇ-ಇನ್‌ವಾಯ್ಸ್ ಸಂಖ್ಯೆ ದೊರೆಯಿತೇ, ಗ್ರಾಹಕರ ಖಾತೆಗೆ ಮೊತ್ತ ಏರಿತೇ ಎಂಬ ಈ ಪರೀಕ್ಷೆಯನ್ನು ಕ್ಲೌಡ್ ಸಂಸ್ಥೆ ಮಾಡಲಾರದು. 2025ರ ಸೆಪ್ಟೆಂಬರ್ 22ರಂದು ಜಿ.ಎಸ್.ಟಿ. ದರಗಳು ಬದಲಾಗಿ, 12 ಮತ್ತು 28 ಪ್ರತಿಶತ ದರಗಳಲ್ಲಿದ್ದ ಬಹುತೇಕ ಸರಕುಗಳು 5 ಮತ್ತು 18 ಪ್ರತಿಶತಕ್ಕೆ ಬಂದವು. ಅಂದು ಬೆಳಿಗ್ಗೆ ಹಳೆಯ ದರಪಟ್ಟಿಯನ್ನೇ ಹೊತ್ತು ನಿಂತಿರುವ ಸರ್ವರ್ ಯಂತ್ರದ ಎಲ್ಲ ತಪಾಸಣೆಗಳಲ್ಲಿಯೂ ತೇರ್ಗಡೆಯಾಗುತ್ತದೆ; ಅದು ಹಾಕುವ ಒಂದೊಂದು ಬಿಲ್ಲೂ ತಪ್ಪಾಗಿರುತ್ತದೆ. ಈ ತಪ್ಪನ್ನು ಹಿಡಿಯಬಲ್ಲವರು ಅಂಗಡಿಯ ಲೆಕ್ಕಿಗರೇ ಹೊರತು ದೂರದ ದತ್ತಾಂಶ ಕೇಂದ್ರದ ಎಂಜಿನಿಯರ್ ಅಲ್ಲ.

ಹೊರೆ ಬಿದ್ದ ದಿನ

ಹೊರೆಯಿಲ್ಲದ ಪರೀಕ್ಷೆ ಎಷ್ಟು ಅಪೂರ್ಣ ಎಂಬುದಕ್ಕೆ ದೇಶದ ವರ್ತಕರೆಲ್ಲರೂ ಬಲ್ಲ ನಿದರ್ಶನವಿದೆ. ಸರಕು ಸಾಗಣೆಗೆ ಇ-ವೇ ಬಿಲ್ ಅನ್ನು 2018ರ ಫೆಬ್ರವರಿ 1ರಿಂದ ಕಡ್ಡಾಯಗೊಳಿಸಲು ನಿರ್ಧಾರವಾಗಿತ್ತು. ಅದಕ್ಕೆ ಮುನ್ನ ಜನವರಿ 16ರಿಂದ ಪ್ರಾಯೋಗಿಕ ಬಳಕೆಗೂ ಅವಕಾಶವಿತ್ತು. ಆದರೆ ಪ್ರಾಯೋಗಿಕ ಅವಧಿಯಲ್ಲಿ ಬರುವವರು ಬಂದರು, ಬಾರದವರು ಬರಲಿಲ್ಲ. ಕಡ್ಡಾಯವಾದ ದಿನ ದೇಶವೆಲ್ಲ ಒಮ್ಮೆಗೇ ಬಾಗಿಲಿಗೆ ಬಂತು. ಜಾಲತಾಣ ತಾಂತ್ರಿಕ ತೊಂದರೆಗೆ ಸಿಲುಕಿತು. ಬಿಲ್ಲು ಪಡೆಯಲು ವರ್ತಕರು ಪಟ್ಟ ಪಾಡನ್ನು ಕಂಡು ಕೇಂದ್ರ ಸರ್ಕಾರ ಪ್ರಾಯೋಗಿಕ ಅವಧಿಯನ್ನು ವಿಸ್ತರಿಸಬೇಕಾಯಿತು.

ಎರಡನೆಯ ಬಾರಿ ಬೇರೆ ದಾರಿ ಹಿಡಿಯಲಾಯಿತು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಮಾತ್ರ ಕಡ್ಡಾಯವಾಯಿತು. ರಾಜ್ಯದೊಳಗಿನ ಸಾಗಣೆಗೆ ಅಂದಿನಿಂದಲೇ ಅದನ್ನು ಜಾರಿಗೊಳಿಸಿದ್ದು ಕರ್ನಾಟಕ. ವ್ಯಾಟ್ ಕಾಲದ ಇ-ಸುಗಮ ವ್ಯವಸ್ಥೆಯಿಂದಾಗಿ ಇಲ್ಲಿನ ವರ್ತಕರಿಗೆ ಇಂತಹ ಪದ್ಧತಿ ಅಪರಿಚಿತವಾಗಿರಲಿಲ್ಲ. ಉಳಿದ ರಾಜ್ಯಗಳು ಗುಂಪು ಗುಂಪಾಗಿ ಅನಂತರ ಸೇರಿಕೊಂಡವು. ಇದು ಖಾಸಗಿ ಕ್ಲೌಡ್ ಸಂಸ್ಥೆಯ ಕತೆಯಲ್ಲ ಎಂಬುದು ನಿಜ. ಆದರೂ ಪಾಠ ಒಂದೇ: ನಾಲ್ಕು ಜನ ನಾಲ್ಕು ಬಿಲ್ಲು ಹಾಕಿ ನೋಡಿದ್ದು ಪರೀಕ್ಷೆಯಾಗದು, ಮತ್ತು ಇಡೀ ಹೊರೆಯನ್ನು ಒಂದೇ ದಿನ ಹೊರಿಸುವುದು ವಿವೇಕವಲ್ಲ.

ಪೂರೈಕೆದಾರರ ಮಾತು

"ಸಿದ್ಧವಿದೆ" ಎಂದು ಪೂರೈಕೆದಾರರು ಹೇಳಿದ್ದನ್ನು ಒಪ್ಪಿಕೊಂಡರೆ ಹೊಣೆ ಅವರದಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಇದಕ್ಕೆ ಬ್ರಿಟನ್ನಿನ ಟಿ.ಎಸ್.ಬಿ. ಬ್ಯಾಂಕಿನ ಪ್ರಕರಣ ಉತ್ತರ ನೀಡುತ್ತದೆ. 2018ರ ಏಪ್ರಿಲ್ ತಿಂಗಳಿನಲ್ಲಿ ಈ ಬ್ಯಾಂಕು ತನ್ನ 52 ಲಕ್ಷ ಗ್ರಾಹಕರ ಖಾತೆಗಳನ್ನು ಹಳೆಯ ವ್ಯವಸ್ಥೆಯಿಂದ ಹೊಸ ವ್ಯವಸ್ಥೆಗೆ ಸಾಗಿಸಿತು. ದತ್ತಾಂಶವೇನೋ ಸರಿಯಾಗಿಯೇ ಸಾಗಿತು. ಆದರೆ ಗ್ರಾಹಕರು ಬಳಸತೊಡಗಿದೊಡನೆ ಹೊಸ ವ್ಯವಸ್ಥೆ ಕುಸಿಯಿತು. ಹಣ ಪಡೆಯಲಾಗದೆ, ಖಾತೆ ನೋಡಲಾಗದೆ ಜನ ಪರದಾಡಿದರು. ಎಲ್ಲವೂ ಸಹಜ ಸ್ಥಿತಿಗೆ ಮರಳಲು ಆ ವರ್ಷದ ಡಿಸೆಂಬರ್ ತನಕ ಕಾಯಬೇಕಾಯಿತು.

2022ರ ಡಿಸೆಂಬರ್‌ನಲ್ಲಿ ಅಲ್ಲಿನ ಎರಡು ಹಣಕಾಸು ನಿಯಂತ್ರಣ ಸಂಸ್ಥೆಗಳು ಬ್ಯಾಂಕಿಗೆ ಒಟ್ಟು 4 ಕೋಟಿ 86.5 ಲಕ್ಷ ಪೌಂಡ್ ದಂಡ ವಿಧಿಸಿದವು. ಅದಕ್ಕಿಂತ ಗಮನಾರ್ಹವಾದುದು 2023ರ ಏಪ್ರಿಲ್‌ನ ಆದೇಶ. ವ್ಯವಸ್ಥೆಯನ್ನು ನಡೆಸಬೇಕಾಗಿದ್ದ ಪೂರೈಕೆದಾರ ಸಂಸ್ಥೆ ನಿಜಕ್ಕೂ ಸನ್ನದ್ಧವಾಗಿದೆ ಎಂಬುದಕ್ಕೆ ಸಾಕಷ್ಟು ಖಾತರಿ ಪಡೆಯಲು ಕ್ರಮ ಕೈಗೊಳ್ಳಲಿಲ್ಲ ಎಂಬ ಕಾರಣಕ್ಕೆ ಬ್ಯಾಂಕಿನ ಆಗಿನ ಮುಖ್ಯ ಮಾಹಿತಿ ಅಧಿಕಾರಿಗೆ ವೈಯಕ್ತಿಕವಾಗಿ 81,620 ಪೌಂಡ್ ದಂಡ ಬಿತ್ತು. ಆ ಪೂರೈಕೆದಾರ ಸಂಸ್ಥೆ ಹೊರಗಿನದೂ ಆಗಿರಲಿಲ್ಲ. ಬ್ಯಾಂಕಿನ ಮಾತೃಸಂಸ್ಥೆಯದೇ ಅಂಗವಾಗಿತ್ತು. ಮನೆಯವರ ಮಾತನ್ನೇ ಪರಿಶೀಲಿಸಬೇಕಿತ್ತು ಎಂದು ನಿಯಂತ್ರಕರು ಹೇಳುವಾಗ, ಕ್ಲೌಡ್ ಸಂಸ್ಥೆ, ತಂತ್ರಾಂಶ ಕಂಪನಿ, ಸ್ಥಳೀಯ ಮಾರಾಟಗಾರ ಎಂದು ಮೂರು ಕೈ ದಾಟಿ ಬಂದ ಮಾತನ್ನು ಸಣ್ಣ ಉದ್ಯಮಿ ಹಾಗೆಯೇ ನಂಬುವುದು ಎಷ್ಟು ಸರಿ?

ಪರೀಕ್ಷೆಯೇ ಎಡವಿದಾಗ

ಹಾಗೆಂದು ಸ್ವಯಂಚಾಲಿತ ತಪಾಸಣೆಗಳನ್ನು ಹೆಚ್ಚಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದೂ ಭಾವಿಸುವಂತಿಲ್ಲ. 2025ರ ಅಕ್ಟೋಬರ್ 20, ದೀಪಾವಳಿಯ ದಿನ, ಭಾರತೀಯ ಕಾಲಮಾನ ಮಧ್ಯಾಹ್ನ 12 ಗಂಟೆ 18 ನಿಮಿಷದಿಂದ ಅಮೆರಿಕದ ಉತ್ತರ ವರ್ಜೀನಿಯಾದಲ್ಲಿರುವ ಅಮೆಜಾನ್ ಕ್ಲೌಡ್ ಕೇಂದ್ರದಲ್ಲಿ ತೊಂದರೆ ಆರಂಭವಾಯಿತು. ದತ್ತಾಂಶ ಕೋಶ ಸೇವೆಯೊಂದರ ವಿಳಾಸ ಪಟ್ಟಿಯನ್ನು ನಿರ್ವಹಿಸುವ ಸ್ವಯಂಚಾಲಿತ ವ್ಯವಸ್ಥೆಯಲ್ಲಿನ ದೋಷದಿಂದ ಆ ಸೇವೆಯ ವಿಳಾಸವೇ ಅಳಿಸಿಹೋಗಿತ್ತು. ಸುಮಾರು ಮೂರು ಗಂಟೆಗಳಲ್ಲಿ ಅದನ್ನು ಸರಿಪಡಿಸಲಾಯಿತಾದರೂ ಹೊಸ ಸರ್ವರ್‌ಗಳನ್ನು ಎಬ್ಬಿಸುವ ಕೆಲಸ ಗಂಟೆಗಟ್ಟಲೆ ಕುಂಟಿತು.

ಮುಂದೆ ನಡೆದುದು ಈ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ಹೊಸ ಸರ್ವರ್‌ಗಳು ಎದ್ದು ನಿಂತವು. ಆದರೆ ಅವುಗಳಿಗೆ ಬೇಕಾದ ಜಾಲ ಸಂಪರ್ಕದ ವಿವರಗಳು ಇನ್ನೂ ತಲುಪಿರಲಿಲ್ಲ. ಯಂತ್ರ ಚಾಲೂ, ಸಂಪರ್ಕ ಇಲ್ಲ. ಕೆಲಸ ಹಂಚುವ ವ್ಯವಸ್ಥೆಯ ತಪಾಸಣೆಯಲ್ಲಿ ಅವು ಒಮ್ಮೆ ತೇರ್ಗಡೆ, ಒಮ್ಮೆ ನಪಾಸು ಎಂದಾಗಿ, ಸರಿಯಿದ್ದ ಸಾಮರ್ಥ್ಯವನ್ನೂ ಸಾಲಿನಿಂದ ತೆಗೆಯುವುದು, ಮತ್ತೆ ಸೇರಿಸುವುದು ನಡೆಯಿತು. ಕೊನೆಗೆ ಭಾರತೀಯ ಕಾಲಮಾನ ರಾತ್ರಿ 10 ಗಂಟೆ 6 ನಿಮಿಷಕ್ಕೆ ಎಂಜಿನಿಯರುಗಳು ಆ ಸ್ವಯಂಚಾಲಿತ ತೆಗೆದುಹಾಕುವಿಕೆಯನ್ನೇ ನಿಲ್ಲಿಸಬೇಕಾಯಿತು. ಕಳ್ಳನನ್ನು ತಡೆಯಲು ನಿಂತ ಕಾವಲುಗಾರ ಮನೆಯವರನ್ನೂ ಹೊರಗಟ್ಟತೊಡಗಿದರೆ ಅವನನ್ನು ಪಕ್ಕಕ್ಕೆ ಸರಿಸದೆ ಗತ್ಯಂತರವಿಲ್ಲ.

ಇದರಿಂದ ತಿಳಿಯಬೇಕಾದುದು ಎರಡು ಸಂಗತಿ. ತಪಾಸಣೆ ತೀರ ಮೇಲುಮೇಲಿನದಾದರೆ ಕೆಟ್ಟ ಸರ್ವರ್ ಕೆಲಸಕ್ಕೆ ನಿಲ್ಲುತ್ತದೆ. ತೀರ ಆಳದ್ದಾದರೆ, ಎಲ್ಲ ಸರ್ವರ್‌ಗಳೂ ಆಶ್ರಯಿಸಿರುವ ಒಂದು ದತ್ತಾಂಶ ಕೋಶ ಸ್ವಲ್ಪ ನಿಧಾನವಾದರೂ ಎಲ್ಲವೂ ಒಟ್ಟಿಗೆ "ಸಿದ್ಧವಿಲ್ಲ" ಎಂದು ಕೈಚೆಲ್ಲುತ್ತವೆ, ಅಂಗಡಿಯ ಎಲ್ಲ ಬಾಗಿಲುಗಳೂ ಒಮ್ಮೆಗೇ ಮುಚ್ಚುತ್ತವೆ. ಆದ್ದರಿಂದಲೇ ಎಲ್ಲ ಸರ್ವರ್‌ಗಳೂ ನಪಾಸಾದಾಗ ತಪಾಸಣೆಯ ಮಾತನ್ನು ಬದಿಗಿಟ್ಟು ಎಲ್ಲವಕ್ಕೂ ಕೆಲಸ ಕಳುಹಿಸುವ ಪದ್ಧತಿಯನ್ನು ಕೆಲವು ಲೋಡ್ ಬ್ಯಾಲೆನ್ಸರ್‌ಗಳಲ್ಲಿ ಇಟ್ಟಿದ್ದಾರೆ. ಯಾವ ಪ್ರಶ್ನೆ ಕೇಳಬೇಕು, ಎಷ್ಟು ಬಾರಿ ಕೇಳಬೇಕು, ಉತ್ತರ ಬಾರದಿದ್ದರೆ ಏನು ಮಾಡಬೇಕು ಎಂಬುದನ್ನು ಆಯಾ ವ್ಯಾಪಾರದ ಸ್ವರೂಪ ಬಲ್ಲವರು ಕುಳಿತು ನಿರ್ಧರಿಸಬೇಕಾಗುತ್ತದೆ.

ಶೇಕಡಾ 99.9ರ ಲೆಕ್ಕ

ಕ್ಲೌಡ್ ಸೇವೆಯ ಒಪ್ಪಂದಗಳಲ್ಲಿ ಶೇಕಡಾ 99.9ರಷ್ಟು ಲಭ್ಯತೆಯ ಭರವಸೆ ಕಾಣುವುದುಂಟು. ಕೇಳಲು ಇದು ಹಿತವಾಗಿದೆ. ಮೂವತ್ತು ದಿನಗಳ ತಿಂಗಳಿಗೆ ಲೆಕ್ಕ ಹಾಕಿದರೆ 43 ನಿಮಿಷಗಳ ಸ್ಥಗಿತಕ್ಕೆ ಅದರಲ್ಲಿ ಅವಕಾಶವಿದೆ. ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ. ಈ ನಿಮಿಷಗಳು ಭಾನುವಾರ ಮಧ್ಯರಾತ್ರಿ ಬಂದರೆ ಯಾರಿಗೂ ತಿಳಿಯದು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಗೆ ಆನ್‌ಲೈನ್ ಟೆಂಡರ್ ಬರೆಯುವ ಹೊತ್ತಿನಲ್ಲಿ ಖರೀದಿದಾರನ ಸರ್ವರ್ ನಿಂತರೆ, ಅಥವಾ ಮಾಸಿಕ ವಿವರಣೆ ಸಲ್ಲಿಸುವ ಕೊನೆಯ ದಿನದ ಸಂಜೆ ಲೆಕ್ಕ ತೆರೆಯದಿದ್ದರೆ ಅದೇ 43 ನಿಮಿಷಗಳ ಬೆಲೆ ಬೇರೆ.

ಇನ್ನೂ ಎರಡು ಅಂಶಗಳನ್ನು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಓದಿಕೊಳ್ಳಬೇಕು. ಭರವಸೆ ಮುರಿದಾಗ ಸಾಮಾನ್ಯವಾಗಿ ದೊರೆಯುವುದು ಮುಂದಿನ ಬಾಡಿಗೆಯಲ್ಲಿ ಒಂದಿಷ್ಟು ವಜಾ. ಕೈತಪ್ಪಿದ ವ್ಯಾಪಾರಕ್ಕೆ ಪರಿಹಾರವಲ್ಲ. ಎರಡನೆಯದಾಗಿ, ಆ ಶೇಕಡಾವಾರು ಲೆಕ್ಕ ಕ್ಲೌಡ್ ಸಂಸ್ಥೆಯ ಯಂತ್ರ ಮತ್ತು ಸೇವೆಗೆ ಸಂಬಂಧಿಸಿದ್ದು. ಅದರ ಮೇಲಿರುವ ಬಾಡಿಗೆದಾರರ ತಂತ್ರಾಂಶ ಕೆಲಸ ಮಾಡಿತೋ ಇಲ್ಲವೋ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಇತ್ತ ತೆರಿಗೆ ಕಾನೂನಿನ ಕಣ್ಣಿನಲ್ಲಿ ಸರ್ವರ್ ತೊಂದರೆ ಎಂಬ ಸಮಜಾಯಿಷಿಗೆ ಸುಲಭವಾಗಿ ಬೆಲೆ ಸಿಗುವುದಿಲ್ಲ. ಸಮರ್ಪಕ ದಾಖಲೆಯಿಲ್ಲದೆ ಸಾಗುವ ಸರಕನ್ನು ತಡೆಹಿಡಿದಾಗ, ಮಾಲೀಕರೇ ಮುಂದೆ ಬಂದರೂ, ತೆರಿಗೆಗೆ ಒಳಪಟ್ಟ ಸರಕಿಗೆ ತೆರಿಗೆಯ ಶೇಕಡಾ 200ರಷ್ಟು ದಂಡ ತೆತ್ತು ಬಿಡಿಸಿಕೊಳ್ಳಬೇಕೆಂಬ ನಿಯಮ 2022ರ ಜನವರಿ 1ರಿಂದ ಜಾರಿಯಲ್ಲಿದೆ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಸರ್ವರ್ ಸಿದ್ಧವಿಲ್ಲದಿದ್ದರೆ ಬಿಲ್ಲಿಲ್ಲ. ಬಿಲ್ಲಿಲ್ಲದಿದ್ದರೆ ಲಾರಿ ಗೇಟಿನಿಂದ ಹೊರಡುವಂತಿಲ್ಲ.

ವರ್ತಕರು ನೋಡಬೇಕಾದ ಅಂಶಗಳು

ಸಣ್ಣ ಉದ್ಯಮಿಗಳು ತಮ್ಮ ಕೈಯಾರೆ ಮಾಡಬಹುದಾದ ಪರೀಕ್ಷೆಗಳು ಕಷ್ಟದವೇನಲ್ಲ.

ಮೊದಲನೆಯದಾಗಿ, ಹಿಂದಿನ ವರ್ಷದ ಅತ್ಯಂತ ಬಿಡುವಿಲ್ಲದ ದಿನವೊಂದನ್ನು ಆಯ್ದು ಆ ದಿನದ ಎಲ್ಲ ಬಿಲ್ಲುಗಳನ್ನೂ ಹೊಸ ಸರ್ವರ್‌ನಲ್ಲಿ ಪ್ರಾಯೋಗಿಕವಾಗಿ ನಮೂದಿಸಿ, ಒಟ್ಟು ಮಾರಾಟ, ತೆರಿಗೆ, ಅಂತಿಮ ದಾಸ್ತಾನು ಹಳೆಯ ಲೆಕ್ಕದೊಂದಿಗೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಒಂದು ಪೈಸೆ ವ್ಯತ್ಯಾಸ ಬಂದರೂ ಕಾರಣ ತಿಳಿಯುವ ತನಕ ಮುಂದಡಿಯಿಡಬಾರದು. ಇ-ಇನ್‌ವಾಯ್ಸ್ ಪರೀಕ್ಷೆಯನ್ನು ಅದಕ್ಕೆಂದೇ ಇರುವ ಪ್ರಾಯೋಗಿಕ ವ್ಯವಸ್ಥೆಯಲ್ಲಿ ತಂತ್ರಾಂಶ ಕಂಪನಿಯವರಿಂದ ಮಾಡಿಸಬೇಕೇ ಹೊರತು ನಿಜವಾದ ಜಾಲತಾಣದಲ್ಲಿ ಹುಸಿ ಬಿಲ್ಲು ಹಾಕಬಾರದು.

ಎರಡನೆಯದಾಗಿ, ಎಲ್ಲ ಕೌಂಟರುಗಳಲ್ಲಿಯೂ, ಗೋದಾಮಿನಲ್ಲಿಯೂ, ಶಾಖೆಯಲ್ಲಿಯೂ ಒಂದೇ ಸಮಯಕ್ಕೆ ಕೆಲಸ ಶುರು ಮಾಡಿಸಿ ಗಡಿಯಾರ ಹಿಡಿದು ನೋಡಬೇಕು. ಒಬ್ಬರೇ ಕುಳಿತಾಗ ಎರಡು ಸೆಕೆಂಡಿಗೆ ಬರುವ ಬಿಲ್ಲು, ಹತ್ತು ಜನ ಕುಳಿತಾಗ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಆಗ ತಿಳಿಯುತ್ತದೆ. ತಂತ್ರಾಂಶ ಕಂಪನಿಯ ಕಚೇರಿಯಿಂದ ಮಾಡಿದ ಪ್ರದರ್ಶನ ಇದಕ್ಕೆ ಬದಲಿಯಾಗದು. ಅಂಗಡಿಯ ಸ್ವಂತ ಬ್ರಾಡ್‌ಬ್ಯಾಂಡ್ ಸಂಪರ್ಕದಲ್ಲಿಯೇ ಇದು ನಡೆಯಬೇಕು.

ಮೂರನೆಯದಾಗಿ, ಸರ್ವರ್‌ನ ಗಡಿಯಾರ. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ಭಾರತೀಯ ಕಾಲಮಾನಕ್ಕಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಕಾಲಮಾನದಲ್ಲಿ ಬರುತ್ತವೆ. ಇದನ್ನು ಸರಿಪಡಿಸದಿದ್ದರೆ ರಾತ್ರಿ ಪಾಳಿಯ ಕಾರ್ಖಾನೆಯಿಂದ ಏಪ್ರಿಲ್ 1ರ ಬೆಳಗಿನ ಜಾವ 2 ಗಂಟೆಗೆ ಹೊರಟ ಸರಕಿನ ಬಿಲ್ಲಿನ ಮೇಲೆ ಮಾರ್ಚ್ 31 ಎಂದು ಮೂಡಿ, ಮಾರಾಟ ಹಿಂದಿನ ಆರ್ಥಿಕ ವರ್ಷಕ್ಕೆ ಸೇರಿಹೋಗುತ್ತದೆ.

ನಾಲ್ಕನೆಯದಾಗಿ, ಬ್ಯಾಕಪ್. ಪ್ರತಿ ರಾತ್ರಿ ಬ್ಯಾಕಪ್ ಆಗುತ್ತಿದೆ ಎಂಬ ಸಂದೇಶ ಬಂದರೆ ಸಾಲದು. ಅದನ್ನು ಇನ್ನೊಂದು ಸರ್ವರ್‌ಗೆ ಇಳಿಸಿ ಲೆಕ್ಕ ತೆರೆಯುತ್ತದೆಯೇ ಎಂದು ನೋಡಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ ದತ್ತಾಂಶ ಅಳಿಸಿಹೋದಾಗ, ನಿತ್ಯದ ಬ್ಯಾಕಪ್ ಹಲವು ದಿನಗಳಿಂದ ಸದ್ದಿಲ್ಲದೆ ವಿಫಲವಾಗುತ್ತಿದ್ದುದು ಬೆಳಕಿಗೆ ಬಂತು. ಸುಮಾರು ಆರು ಗಂಟೆಗಳ ದತ್ತಾಂಶ ಮರಳಿ ದೊರೆಯಲಿಲ್ಲ. ಕಂಪನಿಯಾಗಿ ನೋಂದಣಿಯಾದ ಉದ್ಯಮಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಅನ್ನು ಭಾರತದಲ್ಲಿಯೇ ಇರುವ ಸರ್ವರ್‌ನಲ್ಲಿ ಪ್ರತಿದಿನ ಇರಿಸಬೇಕೆಂಬ ನಿಯಮ 2022ರ ಆಗಸ್ಟ್‌ನಿಂದ ಇದೆ. ಸರ್ವರ್ ಯಾವ ಊರಿನಲ್ಲಿದೆ ಎಂದು ಕೇಳಿ ಬರೆಸಿಕೊಳ್ಳುವುದು ಅಗತ್ಯ.

ಐದನೆಯದಾಗಿ, ಹಿಂದಿರುಗುವ ದಾರಿ. ಹೊಸ ವ್ಯವಸ್ಥೆ ಕೈಕೊಟ್ಟರೆ ಎಷ್ಟು ಹೊತ್ತಿನೊಳಗೆ ಹಳೆಯದಕ್ಕೆ ಮರಳಬಹುದು ಎಂಬುದನ್ನು ಮೊದಲೇ ಒಮ್ಮೆ ಮಾಡಿ ನೋಡಬೇಕು. ಮಾರ್ಚ್ ಅಂತ್ಯ, ಹಬ್ಬದ ವಾರ, ವಿವರಣೆ ಸಲ್ಲಿಸುವ 11 ಮತ್ತು 20ನೇ ತಾರೀಖುಗಳ ಆಸುಪಾಸಿನ ದಿನಗಳನ್ನು ವರ್ಗಾವಣೆಗೆ ಆರಿಸಿಕೊಳ್ಳದಿರುವುದು ಒಳಿತು. ಒಂದು ಶಾಖೆ ಅಥವಾ ಒಂದು ಕೌಂಟರಿನಿಂದ ಆರಂಭಿಸಿ, ಅದು ಒಂದು ತಿಂಗಳು ಸರಾಗವಾಗಿ ನಡೆದ ಮೇಲೆ ಉಳಿದವನ್ನು ಸೇರಿಸಬಹುದು.

ಖರ್ಚಿನ ಪ್ರಶ್ನೆ

ಇಷ್ಟೆಲ್ಲ ಮಾಡಲು ಸಮಯವೆಲ್ಲಿದೆ, ಎರಡು ಕಡೆ ಬಾಡಿಗೆ ಕಟ್ಟಲು ಹಣವೆಲ್ಲಿದೆ ಎಂಬ ಆಕ್ಷೇಪ ಸಹಜ. ನಾಲ್ಕೈದು ಜನರ ಕಚೇರಿಯಲ್ಲಿ ಒಂದು ತಿಂಗಳ ಕಾಲ ಎರಡೆರಡು ಬಾರಿ ಲೆಕ್ಕ ಬರೆಯುವುದು ಹೊರೆಯೇ ಸರಿ. ಆದರೆ ಕ್ಲೌಡ್ ವ್ಯವಸ್ಥೆಯ ಗುಣವೇ ಇಲ್ಲಿ ನೆರವಿಗೆ ಬರುತ್ತದೆ. ಸ್ವಂತ ಯಂತ್ರವಾಗಿದ್ದರೆ ಪರೀಕ್ಷೆಗೆಂದು ಎರಡನೆಯದನ್ನು ಕೊಳ್ಳುವುದು ಸಾಧ್ಯವಿರಲಿಲ್ಲ. ಬಾಡಿಗೆಯ ಸರ್ವರ್ ಅನ್ನು ಗಂಟೆಯ ಲೆಕ್ಕದಲ್ಲಿ, ಕೆಲವೆಡೆ ಸೆಕೆಂಡಿನ ಲೆಕ್ಕದಲ್ಲಿಯೂ, ಪಡೆಯಬಹುದು. ಅಸಲಿನಂತೆಯೇ ಇನ್ನೊಂದನ್ನು ಒಂದು ಭಾನುವಾರದ ಮಟ್ಟಿಗೆ ಎಬ್ಬಿಸಿ, ಪರೀಕ್ಷೆ ಮುಗಿಸಿ, ಸಂಜೆಗೆ ಹಿಂದಿರುಗಿಸಿದರೆ ಆ ಒಂದು ದಿನದ ಬಾಡಿಗೆಯಷ್ಟೇ ಖರ್ಚು. ಕ್ಲೌಡ್‌ನ ಅಗ್ಗವನ್ನು ಮೆಚ್ಚಿ ಹೋದವರು, ಅದೇ ಅಗ್ಗದಿಂದ ದೊರೆಯುವ ಪರೀಕ್ಷೆಯ ಅವಕಾಶವನ್ನು ಬಿಟ್ಟುಕೊಡುವುದು ಅರ್ಧ ಲಾಭವನ್ನು ಬಿಟ್ಟಂತೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಪ್ರಯೋಜನವಿಲ್ಲ.

ಹಣ ಪಾವತಿಯ ಕ್ರಮವನ್ನೂ ಬದಲಿಸಬೇಕಾಗಿದೆ. ಯಂತ್ರ ಖರೀದಿಯಲ್ಲಿ, ಅದನ್ನು ಕೂಡಿಸಿ ಓಡಿಸಿ ತೋರಿಸಿದ ಮೇಲೆ ಕೊನೆಯ ಕಂತು ಕೊಡುವ ರೂಢಿ ಕೈಗಾರಿಕಾ ವಲಯಗಳಲ್ಲಿ ಚೆನ್ನಾಗಿ ನೆಲೆಯೂರಿದೆ. ತಂತ್ರಾಂಶ ವರ್ಗಾವಣೆಗೂ ಇದೇ ನಿಯಮ ಅನ್ವಯವಾಗಲಿ. ಮೇಲಿನ ಐದು ಪರೀಕ್ಷೆಗಳ ಫಲಿತಾಂಶವನ್ನು ಲಿಖಿತವಾಗಿ, ಕಚೇರಿಯ ಗುಮಾಸ್ತರಿಗೂ ಅರ್ಥವಾಗುವ ಕನ್ನಡದಲ್ಲಿ ಒಪ್ಪಿಸಿದ ಮೇಲೆಯೇ ಅಂತಿಮ ಪಾವತಿ ಎಂಬ ಒಂದು ಸಾಲು ಒಪ್ಪಂದದಲ್ಲಿದ್ದರೆ, ದೂರವಾಣಿಯಲ್ಲಿ ಹೇಳುವ "ರೆಡಿ ಇದೆ ಸಾರ್" ಎಂಬ ಮಾತಿಗೆ ತಾನಾಗಿಯೇ ತೂಕ ಬರುತ್ತದೆ. ಪ್ರಾಮಾಣಿಕ ತಂತ್ರಾಂಶ ಕಂಪನಿಗಳು ಇದಕ್ಕೆ ಹಿಂಜರಿಯಲಾರವು. ಪರೀಕ್ಷೆ ಮಾಡಿ ಕೊಡುವವರಿಗೂ ಮಾಡದೆ ಕೊಡುವವರಿಗೂ ಒಂದೇ ಬೆಲೆ ಸಿಗುವ ಈಗಿನ ಸ್ಥಿತಿ ಅವರಿಗೂ ನ್ಯಾಯವಲ್ಲ.

ವಾಣಿಜ್ಯ ಸಂಸ್ಥೆಗಳ ಹೊಣೆ

ಒಬ್ಬೊಬ್ಬ ಸಣ್ಣ ವರ್ತಕನೂ ಕ್ಲೌಡ್ ಸಂಸ್ಥೆಯೊಂದಿಗೆ ಚೌಕಾಸಿ ಮಾಡುವ ಸ್ಥಿತಿಯಲ್ಲಿಲ್ಲ ಎಂಬುದು ವಾಸ್ತವ. ಮುದ್ರಿತ ಒಪ್ಪಂದದ ಒಂದಕ್ಷರವನ್ನೂ ಅವನು ಬದಲಿಸಲಾರ. ಆದರೆ ನಡುವೆ ಇರುವ ತಂತ್ರಾಂಶ ಕಂಪನಿ ಮತ್ತು ಸ್ಥಳೀಯ ಮಾರಾಟಗಾರರೊಂದಿಗೆ ಖಂಡಿತವಾಗಿ ಮಾತನಾಡಬಹುದು. ಸಂಘಟಿತರಾಗಿ ಮಾತನಾಡಿದರೆ ಆ ಮಾತಿಗೆ ಬಲ ಹೆಚ್ಚು. ಜಿಲ್ಲಾ ಮಟ್ಟದ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗಳು ಸನ್ನದ್ಧತಾ ಪರೀಕ್ಷೆಯ ಒಂದು ಸಾಮಾನ್ಯ ಪಟ್ಟಿಯನ್ನೂ ಒಪ್ಪಂದಕ್ಕೆ ಸೇರಿಸಬಹುದಾದ ಮಾದರಿ ಷರತ್ತುಗಳನ್ನೂ ಕನ್ನಡದಲ್ಲಿ ಸಿದ್ಧಪಡಿಸಿ ಸದಸ್ಯರಿಗೆ ಹಂಚಬಹುದು. ಹತ್ತು ಹದಿನೈದು ಸದಸ್ಯರು ಸೇರಿ ವರ್ಷಕ್ಕೊಮ್ಮೆ ಒಬ್ಬ ಅನುಭವಿ ಎಂಜಿನಿಯರನ್ನು ಕರೆಸಿ ತಮ್ಮ ತಮ್ಮ ಸರ್ವರ್‌ಗಳನ್ನು ಪರಿಶೀಲಿಸಿಕೊಂಡರೆ ತಲಾ ಖರ್ಚು ಅಲ್ಪವೇ. ಒಬ್ಬರ ಸರ್ವರ್ ಕೈಕೊಟ್ಟ ಅನುಭವವನ್ನು ಉಳಿದವರಿಗೆ ತಿಳಿಸುವ ವೇದಿಕೆಯೂ ಬೇಕು. ಅಂತಹ ಸಂಗತಿಯನ್ನು ಮರ್ಯಾದೆಯ ಪ್ರಶ್ನೆಯೆಂದು ಮುಚ್ಚಿಟ್ಟರೆ ಅದೇ ಹಳ್ಳಕ್ಕೆ ಪಕ್ಕದ ಅಂಗಡಿಯವರೂ ಬೀಳುತ್ತಾರೆ.

ಕ್ಲೌಡ್ ವ್ಯವಸ್ಥೆಯಿಂದ ದೂರ ಉಳಿಯಬೇಕೆಂಬುದು ಇದರ ತಾತ್ಪರ್ಯವಲ್ಲ. ಸಣ್ಣ ಉದ್ಯಮಗಳಿಗೆ ಅದು ನಿಜವಾದ ಬಲ ತಂದುಕೊಟ್ಟಿದೆ, ಮುಂದೆಯೂ ಕೊಡಲಿದೆ. ತಕ್ಕಡಿಗೆ ಮುದ್ರೆ, ಯಂತ್ರಕ್ಕೆ ಓಡಿಸಿ ನೋಡುವಿಕೆ, ಮೊದಲ ಪೀಸಿಗೆ ಅಳತೆ ಎಂಬ ಹಳೆಯ ಶಿಸ್ತನ್ನು ಹೊಸ ಸಾಧನಕ್ಕೂ ವಿಸ್ತರಿಸಬೇಕಾಗಿದೆ, ಅಷ್ಟೆ. ಮುಂದಿನ ಆರ್ಥಿಕ ವರ್ಷಕ್ಕೆ ಸರ್ವರ್ ಬದಲಿಸಲು ಯೋಚಿಸುತ್ತಿರುವ ಉದ್ಯಮಿಗಳು ಆ ಪರೀಕ್ಷೆಯ ದಿನವನ್ನು ಈಗಲೇ ಪಂಚಾಂಗದಲ್ಲಿ ಗುರುತು ಹಾಕಿಟ್ಟುಕೊಳ್ಳುವುದು ಕ್ಷೇಮಕರ.